ಖಾಲಿ ತಟ್ಟೆಯ ತೂಕ

ನಾಗಮಂಗಲ
12 ಜನವರಿ 2025

ಕಿವಿ ಕೇಳದ ತಾತನಿಗೆ ಬಾಯಿ ಮುಚ್ಚದ ಮೊಮ್ಮಗಳ ನಮಸ್ಕಾರ.

ಫೋನು ಮಾಡಿದರೆ ನಿನಗೆ ಬರೀ ಗುಂಯ್ ಅನ್ನುತ್ತದೆ. ನಾನು ಕಿರುಚಿದರೆ ಹಾಸ್ಟೆಲ್ಲಿನವರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅದಕ್ಕೇ ಕಾಗದ. ಇಡೀ ಕಾಲೇಜಿನಲ್ಲಿ ಅಂಚೆ ಕವರು ಕೊಳ್ಳುವವಳು ನೀನೊಬ್ಬಳೇ ಕಣೇ ಎಂದು ತನುಶ್ರೀ ಆಡಿಕೊಳ್ಳುತ್ತಾಳೆ. ತನುಶ್ರೀ ಗೊತ್ತಲ್ಲ, ಚಿನಕುರಳಿಯವಳು, ನನ್ನ ಪ್ರಾಜೆಕ್ಟಿನ ಜೋಡಿ.

ಹೋದ ಭಾನುವಾರ ಶ್ರೀರಂಗಪಟ್ಟಣಕ್ಕೆ ಬಂದಾಗ ನಿನ್ನ ಬಲಗೈ ಮೇಲೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ಕಟ್ಟಿದೆನಲ್ಲ, ಅದೇನೆಂದು ನೀನು ಕೇಳಿದೆ, ನಾನು ಬಸ್ಸಿನ ಅವಸರದಲ್ಲಿ ಸರಿಯಾಗಿ ಹೇಳಲಿಲ್ಲ. ಅದು ಕೈಯ ನಡುಕ ಅಳೆಯುವ ಸಾಧನ. ನಾನೂ ತನುಶ್ರೀಯೂ ಮಾಡಿದ್ದು. ಕೈ ಎಷ್ಟು ಅಲುಗಿತೋ ಅಷ್ಟು ಕಂಪ್ಯೂಟರಿನಲ್ಲಿ ಗೆರೆ ಕುಣಿಯುತ್ತದೆ, ಕೊನೆಗೆ ಒಂದು ಅಂಕಿ ಬರುತ್ತದೆ.

ಚಿನಕುರಳಿ ಹತ್ತಿರದ ಕ್ವಾರಿಯಲ್ಲಿ ಡ್ರಿಲ್ಲು ಹಿಡಿದು ಬಂಡೆ ಕೊರೆಯುವವರಿಗೆ ವರ್ಷಗಟ್ಟಲೆ ಕೈ ಅದುರಿ ಅದುರಿ ಆಮೇಲೆ ಡ್ರಿಲ್ಲು ಬಿಟ್ಟಾಗಲೂ ನಡುಗುತ್ತದಂತೆ. ತನುಶ್ರೀಯ ದೊಡ್ಡಪ್ಪ ದ್ಯಾವಯ್ಯನವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೂ ಆಗುವುದಿಲ್ಲ. ಅಲ್ಲಿನ ಮ್ಯಾನೇಜರು ಮಾತ್ರ ಅದು ಕುಡಿತದ ನಡುಕ ಅನ್ನುತ್ತಾನಂತೆ. ದ್ಯಾವಯ್ಯ ಕುಡಿಯುವವರೇ ಅಲ್ಲ. ಸಂಕ್ರಾಂತಿ ರಜೆಗೆ ಹೋಗಿ ಅವರೆಲ್ಲರ ಕೈ ಅಳೆದು ಬರುತ್ತೇವೆ. ಫೆಬ್ರವರಿ 22ಕ್ಕೆ ನಮ್ಮ ಕಾಲೇಜಿನಲ್ಲೇ ವಿದ್ಯಾರ್ಥಿಗಳ ಪ್ರಬಂಧ ಮಂಡನೆ. ಜೀವಿಗಳ ದೇಹವನ್ನು ಅಳೆಯುವ ಉಪಕರಣಗಳೇ ವಿಷಯ. ಬೇರೆ ಬೇರೆ ಕಾಲೇಜುಗಳಿಂದಲೂ ಬರುತ್ತಾರೆ.

ನಿನ್ನ ಕೈ ಯಾಕೆ ಅಳೆದೆ ಗೊತ್ತಾ? ಜೀವ ಇರುವ ಕೈ ಯಾವುದಾದರೂ ಒಂಚೂರು ಅಲುಗಿಯೇ ಅಲುಗುತ್ತದೆ. ಆ ಸಹಜವಾದಷ್ಟನ್ನು ಕಳೆದು ಉಳಿದದ್ದನ್ನು ಮಾತ್ರ ಕಾಯಿಲೆಯ ಲೆಕ್ಕಕ್ಕೆ ಹಿಡಿಯಬೇಕು. ಕಳೆಯುವುದಕ್ಕೆ ಒಂದು ಒಳ್ಳೆಯ, ನೆಟ್ಟಗೆ ನಿಲ್ಲುವ ಕೈ ಬೇಕಿತ್ತು. ಐವತ್ತು ವರ್ಷ ತಾಳಿ ಬೆಸೆದ ಕೈಗಿಂತ ಒಳ್ಳೆಯದನ್ನು ಎಲ್ಲಿಂದ ತರಲಿ? ಹತ್ತು ಜನರದ್ದಾದರೂ ತೆಗೆಯಿರಿ ಎಂದು ನಮ್ಮ ಗೈಡು ಪ್ರಮೀಳಾ ಮೇಡಂ ಹೇಳಿದರು. ನಮ್ಮ ತಾತನ ಕೈ ನೀವು ನೋಡಿಲ್ಲ ಮೇಡಂ ಅಂದೆ.

ಅಜ್ಜಿಗೆ ಹೇಳು, ಕೊಬ್ಬರಿ ಚಟ್ನಿಪುಡಿ ಖಾಲಿಯಾಯಿತು.

ಭೂಮಿಕ


ಶ್ರೀರಂಗಪಟ್ಟಣ
18 ಜನವರಿ 2025

ಮೂರು ಪುಟ ಬರೆದು ಕೊನೆಗೆ ಚಟ್ನಿಪುಡಿ ಕೇಳುವ ಇಂಜಿನಿಯರಮ್ಮನಿಗೆ,

ನನ್ನ ಕನ್ನಡಕದ ಕಡ್ಡಿ ಮುರಿದಿದೆ. ಆದ್ದರಿಂದ ನಾನು ಹೇಳುತ್ತಾ ಇದ್ದೇನೆ, ನಿನ್ನಜ್ಜಿ ಬರೆಯುತ್ತಾ ಇದ್ದಾಳೆ. ಅವಳ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ ಎಂದು ಅವಳೇ ಬರೆದುಕೊಂಡಿದ್ದಾಳೆ, ನಾನು ಹೇಳಿದ್ದಲ್ಲ.

ನೀನು ಏಳು ವರ್ಷದವಳಿದ್ದಾಗ ನನ್ನ ತಕ್ಕಡಿ ಮುಂದೆ ಕೂತು ಗುಲಗಂಜಿ ತೂಗುತ್ತಿದ್ದೆ. ಆಗ ಹೇಳಿಕೊಟ್ಟದ್ದು ನೆನಪಿದೆಯಾ? ಚಿನ್ನ ಹಾಕುವ ಮುಂಚೆ ಖಾಲಿ ತಟ್ಟೆ ನೋಡಬೇಕು. ಒಂದು ಕಡೆ ಇಷ್ಟೇ ಇಷ್ಟು ಜಗ್ಗಿದ್ದರೂ ಆಮೇಲೆ ಏನು ತೂಗಿದರೂ ಸುಳ್ಳೇ. ಮೇಡಂ ಹತ್ತು ಜನ ಅಂದಿದ್ದರೆ ಹತ್ತು ಜನರದ್ದು ತೆಗೆಯಬಾರದಾ? ದೊಡ್ಡವರ ಮಾತಿಗೆ ಅಡ್ಡ ಹೇಳುವುದು ನಿನಗೆ ಯಾರಿಂದ ಬಂತೋ.

ನನ್ನ ಕೈಗೆ ಅಂಕಿ ಎಷ್ಟು ಬಂತು ಎಂದು ನೀನು ಬರೆದಿಲ್ಲ. ಸುಮ್ಮನೆ ಕೇಳಿದೆ. ಬರೆಯದಿದ್ದರೂ ಪರವಾಗಿಲ್ಲ.

ಕೆ.ಆರ್. ಪೇಟೆಯಿಂದ ಅಭಿಲಾಷ ಬಂದಿದ್ದ, ನನ್ನ ತಮ್ಮನ ಮೊಮ್ಮಗ. ಈಗೀಗ ವಾರಕ್ಕೊಂದು ಸಲ ಬರುತ್ತಾನೆ. ಅಲ್ಲಿ ಚಿನ್ನದ ಕೆಲಸದ ಅಂಗಡಿ ಚೆನ್ನಾಗಿ ನಡೆಸುತ್ತಿದ್ದಾನೆ.

ಚಟ್ನಿಪುಡಿ ಕಳಿಸಿದ್ದೇನೆ ಮಗಳೇ, ಇದು ನಾನು, ಅಜ್ಜಿ. ಕನ್ನಡಕದ ವಿಷಯ ನನ್ನನ್ನು ಕೇಳಬೇಡ.

ತಾತ


ನಾಗಮಂಗಲ
27 ಜನವರಿ 2025

ತಾತ,

ಚಟ್ನಿಪುಡಿ ತಲುಪಿದ ದಿನವೇ ಮುಗಿಯಿತು. ಕನ್ನಡಕ ರಿಪೇರಿಗೆ ಕೊಡು, ಜಿಪುಣತನ ಸಾಕು.

ಚಿನಕುರಳಿಗೆ ಹೋಗಿ ಬಂದೆವು. ಹನ್ನೊಂದು ಜನ ಡ್ರಿಲ್ಲಿನವರ ಕೈ ಅಳೆದೆವು. ಬೆಳಗಿನ ಚಳಿಗೆ ದ್ಯಾವಯ್ಯನವರ ಬೆರಳ ತುದಿ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಆದರೆ ಅಂಕಿ ಬಂದದ್ದು ಬೇರೆ.

ನಿನ್ನದು 38. ದ್ಯಾವಯ್ಯನವರದು 41. ಕಳೆದರೆ ಉಳಿಯುವುದು ಮೂರೇ ಮೂರು, ಅದು ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕು ಜನರದ್ದು ನಿನಗಿಂತಲೂ ಕಡಿಮೆ ಬಂತು. ಪೆಟ್ಟಿಗೆ ಕೆಟ್ಟಿದೆಯಾ ಎಂದು ಮೂರು ಸಲ ಪರೀಕ್ಷೆ ಮಾಡಿದೆವು. ಮೇಜಿನ ಮೇಲಿಟ್ಟರೆ ಸೊನ್ನೆ ತೋರಿಸುತ್ತದೆ, ಅಲುಗಿಸಿದಷ್ಟಕ್ಕೆ ಸರಿಯಾಗಿ ಏರುತ್ತದೆ. ಪೆಟ್ಟಿಗೆಯಲ್ಲಿ ತಪ್ಪಿಲ್ಲ.

ದ್ಯಾವಯ್ಯನವರು ಫಲಿತಾಂಶ ಕೇಳುವುದಕ್ಕೆ ಕಾದು ಕೂತಿದ್ದರು. ನಿಮ್ಮ ಕೈಯಲ್ಲಿ ಹೆಚ್ಚಿನ ನಡುಕ ಕಾಣಿಸಲಿಲ್ಲ ಎಂದು ನಾನೇ ಹೇಳಬೇಕಾಯಿತು. ಅವರು ಸಿಟ್ಟು ಮಾಡಲಿಲ್ಲ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, "ಅಂಗಾರೆ ನಾನು ಸುಳ್ ಯೋಳ್ತಾ ಇವ್ನಾ ಮಗಾ?" ಅಂದರು. ಬರುವಾಗ ಬಸ್ಸಿನಲ್ಲಿ ತನುಶ್ರೀ ಕಿಟಕಿ ಕಡೆಗೇ ಮುಖ ಮಾಡಿಕೊಂಡು ಕೂತಿದ್ದಳು.

ಮ್ಯಾನೇಜರಿಗೆ ಮಾತ್ರ ಬಲು ಖುಷಿ. ಪ್ರಬಂಧದ ಸಾರಾಂಶದ ಒಂದು ಪ್ರತಿ ತನಗೂ ಬೇಕೆಂದು ಇಸಿದುಕೊಂಡ. "ಬಂಡೆ ಕೊರೆಯುವವರ ಕೈಯಲ್ಲಿ ಸಹಜಕ್ಕಿಂತ ಹೆಚ್ಚಿನ ನಡುಕ ಕಂಡುಬಂದಿಲ್ಲ" ಎಂದು ಬರೆದು ಮಂಡನೆಗೂ ಕಳಿಸಿಬಿಟ್ಟಿದ್ದೇವೆ. ನನಗೆ ಇಷ್ಟವಾದದ್ದು ಬಂದಿಲ್ಲ ಎಂದು ಅಳತೆಯನ್ನು ಬದಲಾಯಿಸುವುದಕ್ಕಾಗುತ್ತದಾ ತಾತ? ತೂಕ ಎಂದರೆ ತೂಕ ಎಂದು ಹೇಳಿಕೊಟ್ಟವನು ನೀನೇ. ನಿನ್ನ ಕೈ ನಂಬಿಕೊಂಡು ವೇದಿಕೆ ಹತ್ತುತ್ತೇನೆ. ಒಂದು ಮಾತು ಬರೆ.

ಭೂಮಿಕ


ನಾಗಮಂಗಲ
9 ಫೆಬ್ರವರಿ 2025

ತಾತ,

ಎರಡು ವಾರವಾಯಿತು. ಕಾಗದವೂ ಇಲ್ಲ, ಕತ್ತೆಯೂ ಇಲ್ಲ. ಅಪ್ಪನಿಗೆ ಫೋನು ಮಾಡಿದರೆ ಚೆನ್ನಾಗಿದ್ದಾರೆ, ಊಟ ಮಾಡುತ್ತಾರೆ, ಅಷ್ಟೇ ಅನ್ನುತ್ತಾರೆ.

ನಿನ್ನ ಸಿಟ್ಟಿನ ಕಾರಣ ನನಗೆ ಗೊತ್ತಾಗಿದೆ. ಅಕ್ಕಸಾಲಿಗನ ಕೈಯನ್ನು ಡ್ರಿಲ್ಲು ಹಿಡಿಯುವ ಕೈಯ ಪಕ್ಕ ಇಟ್ಟು ತೂಗಿದೆನಲ್ಲ, ಅದಕ್ಕೆ ತಾನೇ? ನಾಲ್ಕು ಜನರದ್ದು ನಿನಗಿಂತ ಕಡಿಮೆ ಬಂತು ಎಂದು ಬರೆದದ್ದು ನಾಟಿರಬೇಕು. ಎಷ್ಟು ಜಂಬ ತಾತ ನಿನಗೆ. ಅಂಕಿ ಬಂದ ಹಾಗೆ ಬರೆದೆ, ಬಣ್ಣ ಕಟ್ಟಲಿಲ್ಲ. ಹೆಮ್ಮೆ ಪಡುತ್ತೀಯ ಎಂದುಕೊಂಡಿದ್ದೆ.

ಸಾರಾಂಶ ಆಯ್ಕೆಯಾಗಿದೆ. ಇನ್ನು ಹದಿಮೂರು ದಿನ ಇದೆ. ತನುಶ್ರೀ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಆ ಮ್ಯಾನೇಜರು ನಮ್ಮ ಸಾರಾಂಶವನ್ನು ಆಫೀಸಿನ ಗೋಡೆಗೆ ಅಂಟಿಸಿದ್ದಾನಂತೆ. ನೀನೂ ಮುನಿಸಿಕೊಂಡರೆ ನಾನು ಯಾರ ಹತ್ತಿರ ಮಾತಾಡಲಿ?

ಭೂಮಿಕ


ಶ್ರೀರಂಗಪಟ್ಟಣ
12 ಫೆಬ್ರವರಿ 2025

ಭೂಮಿ,

ಇದು ನಿನ್ನಜ್ಜಿ ಬರೆದದ್ದಲ್ಲ. ಅಕ್ಷರ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ. ಕನ್ನಡಕ ಮುರಿದಿರಲಿಲ್ಲ. ನಿಧಾನವಾಗಿ ಓದು, ನಾನು ನಿಧಾನವಾಗಿಯೇ ಬರೆಯುತ್ತಿದ್ದೇನೆ.

ಹೋದ ಆಷಾಢದಲ್ಲಿ ಒಂದು ಮೂಗುಬೊಟ್ಟಿಗೆ ಹರಳು ಕೂರಿಸುತ್ತಿದ್ದೆ. ಹರಳು ಚಿಮಟದಿಂದ ಹಾರಿ ಎಲ್ಲೋ ಬಿತ್ತು. ಚಿಮಟ ಸಡಿಲ ಎಂದು ಹೊಸದು ತಂದೆ. ಹೊಸದರಲ್ಲೂ ಹಾರಿತು. ಶ್ರಾವಣದಲ್ಲಿ ಒಂದು ತಾಳಿಯ ಬೆಸುಗೆ ಹರಿಯಿತು. ಆಗ ನಿನ್ನಜ್ಜಿ ನನ್ನ ಕೈ ಹಿಡಿದುಕೊಂಡು ನೋಡಿ ಒಳಗೆ ಹೋದಳು. ಅಲ್ಲಿಂದೀಚೆಗೆ ಸಣ್ಣ ಕೆಲಸವನ್ನೆಲ್ಲ ಅಭಿಲಾಷ ಕೆ.ಆರ್. ಪೇಟೆಗೆ ಒಯ್ದು ಮಾಡಿಕೊಂಡು ಬರುತ್ತಾನೆ. ನಾನು ಮಾಡಿದ್ದು ಎಂದು ನಾನು ಕೊಡುತ್ತೇನೆ. ಚಂದ್ರಶೇಖರಾಚಾರಿಯ ಕೈ ನಡುಗುತ್ತದೆ ಎಂದು ಪೇಟೆಬೀದಿಯಲ್ಲಿ ಒಬ್ಬರ ಕಿವಿಗೆ ಬಿದ್ದರೆ ಸಾಕು, ಯಾರು ತಾನೇ ತಾಳಿ ಮಾಡಿಸಲು ಬರುತ್ತಾರೆ?

ನೀನು ಪೆಟ್ಟಿಗೆ ಕಟ್ಟಿದ ದಿನ ಬೇಡ ಎಂದು ಹೇಳಬೇಕಿತ್ತು. ಹೇಳಿದರೆ ಯಾಕೆ ಅನ್ನುತ್ತಿದ್ದೆ. ನಿನ್ನ ಕಣ್ಣು ಪೂರಾ ಕಂಪ್ಯೂಟರಿನ ಮೇಲಿತ್ತು, ನನ್ನ ಕೈ ಮೇಲಿರಲಿಲ್ಲ. ಗೆರೆ ಕುಣಿಯುವುದು ನನಗೂ ಕಾಣುತ್ತಿತ್ತು. ಸಿಕ್ಕಿಬಿದ್ದೆ ಎಂದುಕೊಂಡೆ. ನೀನು ತಿರುಗಿಯೂ ನೋಡದೆ, ಜೀವ ಇರೋ ಕೈ ಯಾವುದಾದರೂ ಅಲುಗುತ್ತೆ ತಾತ, ಇದು ಅದೇ, ಅಂದುಬಿಟ್ಟೆ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮಗು ಇಂಜಿನಿಯರು, ಅವಳೇ ಸಹಜ ಎಂದ ಮೇಲೆ ಸಹಜವೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ದಿನವೂ ಡ್ರಿಲ್ಲು ಹಿಡಿಯುವ ನಾಲ್ಕು ಜನರ ಕೈ ಅಕ್ಕಸಾಲಿಗನ ಕೈಗಿಂತ ನೆಟ್ಟಗಿದೆ ಎಂದು ಅಂಕಿ ಬಂದಾಗಲೇ ನಿನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ನನ್ನ ಕೈಯನ್ನು ಅನುಮಾನಿಸಬಾರದೆಂದು ಈ ಮನೆಯಲ್ಲಿ ಎಲ್ಲರಿಗೂ ನಾನೇ ಕಲಿಸಿದ್ದೇನೆ. ನೀನು ಖಾಲಿ ಎಂದುಕೊಂಡ ತಟ್ಟೆಯಲ್ಲಿ ನಾನು ಕೂತಿದ್ದೆ ಮಗಳೇ. ಪೆಟ್ಟಿಗೆಯೂ ಸರಿ, ಆ ದ್ಯಾವಯ್ಯನೂ ಸರಿ. ಸುಳ್ಳು ನನ್ನದು.

ಹದಿನೈದು ದಿನ ಸುಮ್ಮನಿದ್ದೆ. ಮಂಡನೆ ಮುಗಿದುಹೋಗಲಿ, ಮಗುವಿಗೆ ಬಹುಮಾನ ಬಂದರೂ ಬರಬಹುದು, ಆಮೇಲೆ ಹೇಳಿದರಾಯಿತು ಎಂದೂ ಯೋಚಿಸಿದೆ. ನಿಜವಾಗಿ ಯೋಚಿಸಿದೆ, ಮುಚ್ಚಿಡುವುದಿಲ್ಲ. ನಿನ್ನೆ ನಿನ್ನ ಕಾಗದ ಬಂತು. ಆ ಮನುಷ್ಯ ಕುಡುಕ ಎನ್ನುವುದಕ್ಕೆ ನಿನ್ನ ಹೆಸರಿನ ಕಾಗದ ಗೋಡೆ ಮೇಲಿದೆ ಎಂದು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ತಾತ


ನಾಗಮಂಗಲ
15 ಫೆಬ್ರವರಿ 2025

ತಾತ,

ನಿನ್ನ ಕಾಗದ ಓದಿ ಮೊದಲು ಅತ್ತೆ, ಆಮೇಲೆ ಸಿಟ್ಟು ಬಂತು. ಸಿಟ್ಟನ್ನೇ ಮೊದಲು ಬರೆಯುತ್ತೇನೆ. ಏಳು ತಿಂಗಳಿಂದ ಕೈ ನಡುಗುತ್ತಿದೆ, ಒಬ್ಬ ಡಾಕ್ಟರಿಗೂ ತೋರಿಸಿಲ್ಲ. ನಾನು ಓದುತ್ತಿರುವುದೇ ಇದನ್ನು. ನನ್ನ ಹತ್ತಿರವೂ ಹೇಳಲಿಲ್ಲ. ಅಜ್ಜಿಯನ್ನೂ ಸೇರಿಸಿಕೊಂಡು ನಾಟಕ ಆಡಿದೆ. ನನಗೆ ಬಹಳ ನೋವಾಗಿದೆ ತಾತ.

ಇನ್ನು ನನ್ನ ತಪ್ಪು. ಹತ್ತು ಜನರದ್ದು ತೆಗೆ ಎಂದು ಮೇಡಂ ಹೇಳಿದರು, ನೀನೂ ಹೇಳಿದೆ. ನಾನು ಕೇಳಲಿಲ್ಲ. ನನ್ನ ಕೈಯನ್ನೇ ಒಂದು ಸಲ ಅಳೆದುಕೊಂಡಿದ್ದರೂ ಸಾಕಿತ್ತು, ಅದೂ ಹೊಳೆಯಲಿಲ್ಲ. ನಿನ್ನ ಕಾಗದ ಸಿಕ್ಕಿದ ದಿನವೇ ಅಳೆದುಕೊಂಡೆ. ಎಂಟು ಬಂತು. ಆಮೇಲೆ ತನುಶ್ರೀಯನ್ನು ಎಳೆದುಕೊಂಡು ಹೊರಟೆ. ಹಾಸ್ಟೆಲ್ಲಿನ ಅಡುಗೆಯ ಅಣ್ಣಮ್ಮ, ಗೇಟಿನ ವಾಚ್‌ಮನ್ನು, ಬಸ್‌ಸ್ಟ್ಯಾಂಡಿನಲ್ಲಿ ಹೂವು ಕಟ್ಟುವವರು, ನಿನ್ನ ವಯಸ್ಸಿನ ಆರು ಜನ ಅಜ್ಜಂದಿರು. ಎರಡು ದಿನಕ್ಕೆ ಇಪ್ಪತ್ತನಾಲ್ಕು ಕೈ ಆಯಿತು. ಸರಾಸರಿ ಒಂಬತ್ತು. ಅಜ್ಜಂದಿರದ್ದೂ ಹನ್ನೊಂದು ದಾಟಲಿಲ್ಲ.

ಈಗ ದ್ಯಾವಯ್ಯನವರ 41ರಲ್ಲಿ ಒಂಬತ್ತು ಕಳೆ. ಮೂವತ್ತೆರಡು. ಹನ್ನೊಂದು ಜನರಲ್ಲಿ ಒಬ್ಬರೂ ಇಪ್ಪತ್ತಕ್ಕಿಂತ ಕೆಳಗಿಲ್ಲ. ಕೊನೆಯ ಹೆಸರಿನ ತನಕ ಲೆಕ್ಕ ಮಾಡಿ ತನುಶ್ರೀ ಪೆನ್ನು ಕೆಳಗಿಟ್ಟು ನನ್ನ ಭುಜಕ್ಕೆ ತಲೆ ಒರಗಿಸಿದಳು. ಹದಿನೈದು ದಿನದ ಮೇಲೆ ನನ್ನ ಜೊತೆ ಊಟಕ್ಕೆ ಬಂದಳು.

ತೊಡಕು ಇನ್ನೊಂದಿದೆ. ಸಾರಾಂಶ ಅಚ್ಚಾಗಿಹೋಗಿದೆ. ಅದರಲ್ಲಿ ಬರೆದದ್ದಕ್ಕೆ ವಿರುದ್ಧವಾಗಿ ಮಾತಾಡಿದರೆ ಬಹುಮಾನದ ಪಟ್ಟಿಯಿಂದ ತೆಗೆಯುತ್ತಾರಂತೆ. ಸುಮ್ಮನೆ ಹಿಂದೆ ತೆಗೆದುಕೊಂಡುಬಿಡಿ, ಮುಂದಿನ ವರ್ಷ ಸರಿಯಾಗಿ ಮಾಡಿ ಎಂದರು ಮೇಡಂ. ಹಿಂದೆ ತೆಗೆದುಕೊಂಡರೆ ಗೋಡೆ ಮೇಲಿನ ಕಾಗದ ಗೋಡೆ ಮೇಲೇ ಉಳಿಯುತ್ತದೆ, ನಾನು ಮಾತಾಡಿಯೇ ಮಾತಾಡುತ್ತೇನೆ ಎಂದೆ. ಹಾಗಾದರೆ ತಪ್ಪು ಎಲ್ಲಿಂದ ಬಂತು ಎನ್ನುವುದನ್ನೂ ಹೇಳಬೇಕಾಗುತ್ತದೆ ಅಂದರು ಮೇಡಂ.

ಅದಕ್ಕೆ ನಿನ್ನ ಒಪ್ಪಿಗೆ ಬೇಕು. "ಅರವತ್ತೊಂಬತ್ತು ವರ್ಷದ ಒಬ್ಬ ವ್ಯಕ್ತಿ" ಎಂದು ಮಾತ್ರ ಹೇಳಬಲ್ಲೆ. ಕುಲಕಸುಬು, ಊರು ಏನನ್ನೂ ಎತ್ತುವುದಿಲ್ಲ. ಅದೂ ಬೇಡ ಎಂದರೆ ಬೇರೆ ದಾರಿ ಹುಡುಕುತ್ತೇನೆ. ನೀನು ಹೇಳಿದ ಹಾಗೆ.

ಭೂಮಿಕ


ಶ್ರೀರಂಗಪಟ್ಟಣ
18 ಫೆಬ್ರವರಿ 2025

ಭೂಮಿ,

ನಿಮ್ಮಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ, ಅಂಚೆ ನಂಬಿ ಕೂತರೆ ತಡವಾದೀತು.

ಒಬ್ಬ ವ್ಯಕ್ತಿ ಗಿಕ್ತಿ ಏನೂ ಬೇಡ. ಶ್ರೀರಂಗಪಟ್ಟಣದ ಅಕ್ಕಸಾಲಿ ಚಂದ್ರಶೇಖರಾಚಾರಿ, ನಮ್ಮ ತಾತ ಎಂದು ಹೇಳು. ಹೆಸರಿಲ್ಲದ ಮನುಷ್ಯನ ಕೈ ಯಾಕೆ ನಂಬಿದೆ ಎಂದು ಯಾರಾದರೂ ಕೇಳಿದರೆ ಏನು ಉತ್ತರ ಕೊಡುತ್ತೀಯ? ಅಕ್ಕಸಾಲಿಗ ಎಂದರೆ ಅವರಿಗೇ ಅರ್ಥವಾಗುತ್ತದೆ. ಬೇಕಾದರೆ ನನ್ನ ಕಾಗದವನ್ನೂ ತೋರಿಸು.

ನಿನಗಿಂತ ಮುಂಚೆ ನಾನೇ ಶುರು ಮಾಡಿದ್ದೇನೆ. ನಿನ್ನೆ ಪಾಲಹಳ್ಳಿಯಿಂದ ತಾಳಿಗೆ ಹೇಳಲು ಬಂದಿದ್ದರು. ಬೆಸುಗೆ ನನ್ನ ಕೈಯದ್ದಲ್ಲ, ಅಭಿಲಾಷನದು, ಚಿನ್ನ ಒರೆ ಹಚ್ಚಿ ನೋಡುವ ಕಣ್ಣು ಮಾತ್ರ ನನ್ನದು, ಒಪ್ಪಿಗೆಯಿದ್ದರೆ ಮಾಡಿಸಿ ಎಂದೆ. ಮುಖ ಮುಖ ನೋಡಿಕೊಂಡು ಎದ್ದು ಹೋದರು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತು.

ತಾತ


ನಾಗಮಂಗಲ
23 ಫೆಬ್ರವರಿ 2025

ತಾತ,

ಬಹುಮಾನ ಬರಲಿಲ್ಲ. ಮೊದಲೇ ಹೇಳಿಬಿಟ್ಟೆ, ಇನ್ನು ನೆಮ್ಮದಿಯಾಗಿ ಓದು.

ನಿನ್ನೆ ಬೆಳಿಗ್ಗೆಯಿಂದ ಹದಿನಾರು ತಂಡದವರು ಮಾತಾಡಿದರು. ಹಸು ಎಷ್ಟು ಸಲ ಮೆಲುಕು ಹಾಕಿತೆಂದು ಎಣಿಸುವ ಕೊರಳಪಟ್ಟಿಯನ್ನು ಒಬ್ಬ ಮಾಡಿದ್ದ. ಇನ್ನೊಬ್ಬಳು ಮಲಗಿದ ಮಗುವಿನ ಉಸಿರು ಎಣಿಸುವ ಹಾಸಿಗೆ ತಂದಿದ್ದಳು. ಎಲ್ಲರೂ ತಮ್ಮ ಉಪಕರಣ ಎಷ್ಟು ಸರಿ ಎಂದು ಹೇಳಿದರು. ನಮ್ಮ ಸರದಿ ಬಂದಾಗ ಪರದೆ ಮೇಲೆ ಮೊದಲ ಸಾಲು ಹಾಕಿದೆ: ನಾವು ಕಳಿಸಿದ ಸಾರಾಂಶ ತಪ್ಪು.

ಮೂರು ಜನ ತೀರ್ಪುಗಾರರೂ ಅಚ್ಚಾದ ಪುಸ್ತಕ ತಿರುವಿ ನೋಡಿದರು. ನಡುವೆ ಕೂತಿದ್ದ ಹಿರಿಯ ಮೇಡಂ ಒಬ್ಬರು, ತಪ್ಪು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ನಮ್ಮ ತಾತ ಕಾಗದ ಬರೆದರು ಎಂದೆ. ಸಭೆಯೆಲ್ಲ ನಕ್ಕಿತು. ಆಗ ನಿನ್ನ ಎರಡು ಕಾಗದ ತೋರಿಸಿದೆ. ಒಂದು, ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ನೀನು ಬರೆದದ್ದು. ಇನ್ನೊಂದು, ಮೊನ್ನೆಯ ಹನ್ನೆರಡನೇ ತಾರೀಖಿನದು, ಅದೇ ಕೈಯ ಅಕ್ಷರ ಅಂಕುಡೊಂಕಾಗಿ. ನಗು ನಿಂತಿತು. ನಿನ್ನ ಹೆಸರು, ನಿನ್ನ ಕಸುಬು, ನಿನ್ನ 38, ಎಲ್ಲ ಹೇಳಿದೆ. ಆಮೇಲೆ ಇಪ್ಪತ್ತನಾಲ್ಕು ಕೈಗಳ ಲೆಕ್ಕ, ಹನ್ನೊಂದು ಜನರ ಹೊಸ ಅಂಕಿ.

ದ್ಯಾವಯ್ಯನವರು ಕೊನೆಯ ಸಾಲಿನಲ್ಲಿ ಕೂತಿದ್ದರು. ಬಿಳಿ ಅಂಗಿಗೆ ತನುಶ್ರೀಯೇ ಗುಂಡಿ ಹಾಕಿ ಕರೆತಂದಿದ್ದಳು. ಅವರದು ಮೂವತ್ತೆರಡು, ಇದು ಸಹಜವಲ್ಲ ಎಂದು ನಾನು ಹೇಳಿದಾಗ ತೊಡೆಯ ಕೆಳಗಿದ್ದ ಕೈಯನ್ನು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡರು ತಾತ.

ನಿಯಮದ ಪ್ರಕಾರ ನಮ್ಮನ್ನು ಪಟ್ಟಿಯಿಂದ ತೆಗೆದರು. ಆ ಹಿರಿಯ ಮೇಡಂ ಮಾತ್ರ ಹೊರಗೆ ಬಂದು, ಲೆಕ್ಕದ ಹಾಳೆಗಳನ್ನೆಲ್ಲ ಇಸಿದುಕೊಂಡು, ಇದನ್ನು ಇನ್ನೂ ಹೆಚ್ಚು ಜನರ ಮೇಲೆ ಮಾಡಿ, ನಾನೂ ಬರುತ್ತೇನೆ ಎಂದು ಫೋನ್ ನಂಬರು ಕೊಟ್ಟರು. ಈವತ್ತು ಚಿನಕುರಳಿಗೆ ಹೋಗಿ ಮ್ಯಾನೇಜರಿಗೆ ಹೊಸ ಹಾಳೆ ಕೊಟ್ಟು ಬಂದೆವು. ಮೊದಲೊಂದು ಹೇಳ್ತೀರಿ, ಆಮೇಲೊಂದು ಹೇಳ್ತೀರಿ ಎಂದು ರೇಗಿದ. ಹೌದು ಸಾರ್, ಎರಡನ್ನೂ ಗೋಡೆಗೆ ಅಂಟಿಸಿ, ತಾರೀಖು ಕಾಣಿಸಲಿ ಎಂದೆ. ಅಂಟಿಸುತ್ತಾನೋ ಇಲ್ಲವೋ ಗೊತ್ತಿಲ್ಲ. ಹನ್ನೊಂದು ಜನರ ಹತ್ತಿರವೂ ಒಂದೊಂದು ಪ್ರತಿ ಇದೆ. ಕೈಗವಸು, ಸರದಿ ಪ್ರಕಾರ ಡ್ರಿಲ್ಲು, ಆಸ್ಪತ್ರೆಯ ತಪಾಸಣೆ ಬೇಕೆಂದು ಅರ್ಜಿ ಬರೆದು ಅದರ ಜೊತೆ ಸೇರಿಸಿದ್ದಾರೆ.

ಡಾಕ್ಟರ ಹತ್ತಿರ ಯಾವಾಗ ಹೋಗುತ್ತೀಯ? ತಾರೀಖು ಬರೆ. ಬರೆಯುವ ತನಕ ಬಿಡುವುದಿಲ್ಲ.

ಭೂಮಿಕ


ಶ್ರೀರಂಗಪಟ್ಟಣ
9 ಮಾರ್ಚ್ 2025

ಭೂಮಿ,

ಬರುವ ಗುರುವಾರ, ಮಾರ್ಚ್ 13, ಮಂಡ್ಯದ ಆಸ್ಪತ್ರೆಗೆ. ತಾರೀಖು ಬರೆದಿದ್ದೇನೆ, ಇನ್ನು ಪೀಡಿಸಬೇಡ.

ಪಾಲಹಳ್ಳಿಯವರು ವಾಪಸ್ಸು ಬಂದರು. ಚಿನ್ನ ನೀವೇ ಒರೆ ಹಚ್ಚಿ ನೋಡಬೇಕು, ಹಾಗಿದ್ದರೆ ಸರಿ ಎಂದರು. ನಿಜ ಕೇಳಿ ಎದ್ದುಹೋದ ಇನ್ನಿಬ್ಬರು ಬರಲಿಲ್ಲ, ಇನ್ನು ಬರುವುದೂ ಇಲ್ಲ. ಈಗ ತಾಳಿ ಕೊಡುವಾಗ ಅಭಿಲಾಷನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಾಡಿದವನು ಇವನು ಎಂದು ಹೇಳಿಯೇ ಕೊಡುತ್ತೇನೆ.

ನಿನ್ನೆ ಹನ್ನೊಂದು ಗಂಟೆ ಹೊತ್ತಿಗೆ ಒಬ್ಬ ಎತ್ತರದ ಮನುಷ್ಯ ಬಾಗಿಲಲ್ಲಿ ನಿಂತಿದ್ದ. ಬಿಳಿ ಅಂಗಿ, ಮೇಲಿನ ಎರಡು ಗುಂಡಿ ಹಾಕಿರಲಿಲ್ಲ. ಯಾರು ಎಂದು ಕೇಳುವ ಮುಂಚೆಯೇ ಕೈ ನೋಡಿ ನನಗೆ ತಿಳಿದುಹೋಯಿತು. ಎದ್ದು ನಿಂತೆ. ಬೈಯುವುದಕ್ಕೇ ಬಂದಿರಬೇಕು, ಬೈಯಲಿ, ಅದು ನನಗೆ ಸಲ್ಲಬೇಕಾದ್ದೇ ಎಂದುಕೊಂಡೆ. ಆತ ಕಿವಿಯ ಹತ್ತಿರ ಬಾಗಿ, ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ಆಚಾರ್ರೇ, ನನ್ ನಡುಕ ಇಷ್ಟ್ ದಿನ ನಿಮ್ತಾವ ಇತ್ತಂತೆ. ಇಸ್ಕೊಂಡೋಗಾನ ಅಂತ ಬಂದೆ."

ನಾನು ಚಾಪೆ ಹಾಸಿ ಪಕ್ಕದಲ್ಲಿ ಕೂರಿಸಿಕೊಂಡೆ. ನಿನ್ನಜ್ಜಿ ಕಾಫಿ ತಂದಳು. ಲೋಟ ಎತ್ತಿದ್ದೇ ತಡ, ಇಬ್ಬರೂ ಪಂಚೆ ಮೇಲೆ ಚೆಲ್ಲಿಕೊಂಡೆವು. ಅವಳು ಒರೆಸಿ, ಎರಡನೇ ಸಲ ಅರ್ಧ ಲೋಟ ತಂದಿಟ್ಟಳು. ಅವನ ಕಥೆ ಅವನು ಹೇಳಿದ, ನನ್ನ ಕಥೆ ನಾನು ಹೇಳಿದೆ. ಇಪ್ಪತ್ತೆರಡು ವರ್ಷ ಡ್ರಿಲ್ಲು ಹಿಡಿದಿದ್ದಾನಂತೆ. ಗುರುವಾರ ಅವನೂ ಮಂಡ್ಯಕ್ಕೆ ಬರುತ್ತಾನೆ, ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತೇವೆ.

ಈ ಕಾಗದವನ್ನೂ ನಾನೇ ಬರೆದೆ. ಎರಡು ಮಧ್ಯಾಹ್ನ ಹಿಡಿಯಿತು. ನಿನ್ನಜ್ಜಿ ಕೊಡಿ ನಾನು ಬರೆಯುತ್ತೇನೆ ಎಂದು ಎರಡು ಸಲ ಬಂದಳು, ಕೊಡಲಿಲ್ಲ.

ಯುಗಾದಿಗೆ ಬರುವಾಗ ಆ ಪೆಟ್ಟಿಗೆ ಮರೆಯದೆ ತಾ. ಈ ಸಲ ಖಾಲಿ ತಟ್ಟೆಯಲ್ಲಲ್ಲ, ದ್ಯಾವಯ್ಯನ ಪಕ್ಕ, ತೂಗುವ ತಟ್ಟೆಯಲ್ಲಿ ಕೂರುತ್ತೇನೆ.

ತಾತ